ಅಂಗೈಯೊಳಗಿನ ಓಟದ ಮೋಟಾರು

ಪುರಾತನ ವಸ್ತುಗಳನ್ನು ಕೂಡಿಡುವ ಹವ್ಯಾಸವು ನಮ್ಮ ಮನೆಗಳಿಗೆ ಹೊಸದಲ್ಲ. ನಾಣ್ಯಗಳನ್ನೋ ಅಂಚೆಚೀಟಿಗಳನ್ನೋ ಸಂಗ್ರಹಿಸುವ ಗೃಹಸ್ಥರನ್ನು ಓದುಗರೆಲ್ಲರೂ ಬಲ್ಲರು. ಓಟದ ಮೋಟಾರುಗಳ ಕಿರಿಯ ಲೋಹಪ್ರತಿಕೃತಿಗಳನ್ನು ಕೂಡಿಡುವವರೂ ಇದ್ದಾರೆ. ವಯಸ್ಸಾದವರಿಗೆ ಈ ಮಕ್ಕಳಾಟವೇಕೆಂದು ಹಳಿಯುವವರುಂಟು. ಆದರೆ ರತ್ನಪರೀಕ್ಷೆಗೆ ಶಾಸ್ತ್ರವಿರುವಂತೆ ಈ ಪರೀಕ್ಷೆಗೂ ಒಂದು ಕ್ರಮವುಂಟು. ಒಂದೇ ಆಟಿಕೆಯನ್ನು ದೃಷ್ಟಾಂತವಾಗಿಟ್ಟುಕೊಂಡು ಅದನ್ನು ಇಲ್ಲಿ ನಿರೂಪಿಸುತ್ತೇವೆ.

1938ರಲ್ಲಿ ಇಂಗ್ಲೆಂಡಿನ ಜಾರ್ಜ್ ಐಸ್ಟನ್ ಎಂಬವರು ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ‘ಥಂಡರ್‌ಬೋಲ್ಟ್’ ಎಂಬ ಮೋಟಾರನ್ನು ಗಂಟೆಗೆ 357 ಮೈಲಿಗೂ ಮಿಕ್ಕ ವೇಗದಲ್ಲಿ ಓಡಿಸಿದರು. ನೆಲದ ಮೇಲೆ ಅಷ್ಟು ವೇಗವನ್ನು ಅದುವರೆಗೆ ಯಾರೂ ಸಾಧಿಸಿರಲಿಲ್ಲ. ಆ ವಾಹನದ ತೂಕವು ಸುಮಾರು ಏಳು ಟನ್ನು. ಅದರೊಳಗೆ ರೋಲ್ಸ್‌ರಾಯ್ಸ್ ಕಂಪೆನಿಯ ಎರಡು ವಿಮಾನಯಂತ್ರಗಳಿದ್ದವು. ಅದೇ ವರ್ಷ ಲಿವರ್‌ಪೂಲಿನ ಮೆಕ್ಕ್ಯಾನೊ ಕಂಪೆನಿಯವರು ತಮ್ಮ ‘ಡಿಂಕಿ ಟಾಯ್ಸ್’ ಮಾಲೆಯಲ್ಲಿ ಅದರದೊಂದು ಪ್ರತಿಕೃತಿಯನ್ನು ಹೊರತಂದರು. ಅದು ಗೇಣುದ್ದವೂ ಇಲ್ಲ.

ಥಂಡರ್‌ಬೋಲ್ಟ್ ಎಂದರೆ ಸಿಡಿಲು, ನಮ್ಮ ಪುರಾಣಗಳ ವಜ್ರಾಯುಧ. ಹೆಸರು ವಜ್ರದ್ದಾದರೂ ಮೋಟಾರು ಉಳಿಯಲಿಲ್ಲ. ಪ್ರದರ್ಶನಕ್ಕಾಗಿ ನ್ಯೂಜಿಲೆಂಡಿಗೆ ಹೋದ ಅದು 1946ರಲ್ಲಿ ಬೆಂಕಿಗೆ ಆಹುತಿಯಾಯಿತು. ಮೂಲವು ನಷ್ಟವಾದ ಗ್ರಂಥಕ್ಕೆ ಅದರ ಪ್ರತಿಯೇ ಪ್ರಮಾಣವಾಗುವಂತೆ, ಅಂದಿನ ಆ ಆಟಿಕೆಯೂ ಈಗ ಒಂದು ಸಾಕ್ಷಿಯಾಗಿದೆ. ಸಾಕ್ಷಿಯೆಂದ ಮೇಲೆ ಅದು ನಿಜವಾದುದೋ ಕೃತ್ರಿಮವೋ ಎಂದು ವಿಚಾರಿಸಬೇಕಾಗುತ್ತದೆ.

ಮೊದಲು ಪರೀಕ್ಷಿಸತಕ್ಕದ್ದು ಲೋಹವನ್ನು. ಇಂತಹ ಆಟಿಕೆಗಳನ್ನು ಮುಖ್ಯವಾಗಿ ಸತುವಿನಿಂದಲೂ, ಅದರೊಡನೆ ಬೆರೆಸಿದ ಅಲ್ಪಾಂಶ ಅಲ್ಯೂಮಿನಿಯಂ, ತಾಮ್ರ ಮೊದಲಾದವುಗಳಿಂದಲೂ ಮಾಡುತ್ತಾರೆ. ಕರಗಿದ ಮಿಶ್ರಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಕ್ಕೆ ನುಗ್ಗಿಸಿದರೆ ಕ್ಷಣಮಾತ್ರದಲ್ಲಿ ಆಕಾರವು ಸಿದ್ಧವಾಗುತ್ತದೆ. ಆದರೆ ಆ ಸತುವಿನಲ್ಲಿ ಸೀಸ, ತವರ ಅಥವಾ ಕ್ಯಾಡ್ಮಿಯಂ ಲೇಶಮಾತ್ರ ಬೆರೆತಿದ್ದರೂ ವರ್ಷಗಳು ಕಳೆದಂತೆ ಒಳಗಿನಿಂದಲೇ ಕ್ಷಯವು ಆರಂಭವಾಗುತ್ತದೆ. ಮೈಮೇಲೆ ಕೂದಲೆಳೆಯಂಥ ಬಿರುಕುಗಳು ಬಲೆಯಂತೆ ಹರಡುತ್ತವೆ, ಬಣ್ಣವು ಉಬ್ಬುತ್ತದೆ, ಉದ್ದವು ಹೆಚ್ಚಿ ಆಕಾರವು ಡೊಂಕಾಗುತ್ತದೆ, ಕಡೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಈ ರೋಗವು ಹೆಚ್ಚು. ಇದಕ್ಕೆ ಔಷಧವಿಲ್ಲ. ಬಿಸಿಯೂ ತೇವವೂ ಇದನ್ನು ಬೆಳೆಸುವುದರಿಂದ, ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಇರುವ ಸಂಗ್ರಾಹಕರು ತಂಪಾದ, ಒಣಗಿದ ಕಪಾಟನ್ನೇ ಆರಿಸಿಕೊಳ್ಳಬೇಕು.

ಎರಡನೆಯದು ಬಣ್ಣದ ಪರೀಕ್ಷೆ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಮೈಗೆ ಬಣ್ಣ ಹಚ್ಚಿದ ಮೇಲೆಯೇ ಚಕ್ರದ ಕಡ್ಡಿಯನ್ನು ಸೇರಿಸುತ್ತಿದ್ದರು. ಆದಕಾರಣ ಕಡ್ಡಿಯ ತುದಿಗೆ ಮೈಬಣ್ಣವು ಮೆತ್ತಿಕೊಂಡಿದ್ದರೆ ಸಂಶಯಪಡಬೇಕು. ಹೊಳೆಯುವ ಬಣ್ಣದ ಕೆಳಗೆ ಹಳೆಯ ಪೆಟ್ಟಿನ ತಗ್ಗುಗಳು ಕಂಡರೂ ಹಾಗೆಯೇ. ಅಲ್ಲಲ್ಲಿ ಬಣ್ಣ ಹಾರಿದ, ಮಗುವಿನ ಕೈಯಲ್ಲಿ ಸವೆದ ಆಟಿಕೆಯೇ ಹೊಸ ಬಣ್ಣದ ಆಟಿಕೆಗಿಂತ ಮೇಲೆಂದು ಅನುಭವಿಗಳು ಎಣಿಸುತ್ತಾರೆ. ಮೂಲದ ರಟ್ಟಿನ ಪೆಟ್ಟಿಗೆಯೂ ಜೊತೆಗಿದ್ದರೆ ಬೆಲೆಯು ಬಹಳ ಏರುತ್ತದೆ.

ಮೂರನೆಯದು ಕಾಲನಿರ್ಣಯ. ಥಂಡರ್‌ಬೋಲ್ಟಿನ ಆಕಾರದ ಆಟಿಕೆಯನ್ನು ಯುದ್ಧಾನಂತರವೂ ಬೇರೊಂದು ಸಾಮಾನ್ಯ ಹೆಸರಿನಿಂದ ಮಾರಿದರು. ಆಕಾರವು ಒಂದೇ ಆದರೂ ಕಾಲವು ಬೇರೆ, ಬೆಲೆಯೂ ಬೇರೆ. ಕೆಲವು ವೇಳೆ ದೇಶವೇ ಬೇರೆಯಾಗುವುದುಂಟು. 1960ರ ದಶಕದ ಉತ್ತರಾರ್ಧದಲ್ಲಿ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದವು. ಅವುಗಳಿಂದ ‘ನಿಕ್ಕಿ ಟಾಯ್ಸ್’ ಎಂಬ ಹೆಸರಿನ ಆಟಿಕೆಗಳು ತಯಾರಾದವು. ಪಂದ್ಯಗಳಲ್ಲಿ ಪ್ರಸಿದ್ಧವಾದ ಡಿ-ಟೈಪ್ ಜಾಗ್ವಾರ್ ಅವುಗಳಲ್ಲೊಂದು. ಲಿವರ್‌ಪೂಲಿನ ಕಾರ್ಖಾನೆಯು 1979ರಲ್ಲಿ ಮುಚ್ಚಿತು. ಆದುದರಿಂದ ಆಟಿಕೆಯನ್ನು ಮಗುಚಿ ಅಡಿಭಾಗದ ಅಕ್ಷರಗಳನ್ನು ಓದದೆ ಹಣ ಕೊಡಬಾರದು.

ಅಜ್ಜನ ಪೆಟ್ಟಿಗೆಯಲ್ಲಿ ಇಂತಹದೊಂದು ದೊರೆತೊಡನೆ ಅದಕ್ಕೆ ಹೊಸ ಬಣ್ಣ ಬಳಿದು ಮಗುವಿಗೆ ಕೊಡೋಣವೆಂದು ಮನೆಯವರಿಗೆ ತೋರುವುದು ಸಹಜ. ಆ ಆಸೆಯನ್ನು ತಡೆಯಬೇಕೆಂದು ನಾವು ಬೇಡುತ್ತೇವೆ. ಬಳಿದ ಬಣ್ಣವನ್ನು ತೆಗೆಯಬಹುದು. ಅದರಡಿಯಲ್ಲಿ ಹೋದ ಮೂಲದ ಬಣ್ಣವು ಮರಳಿ ಬಾರದು. ದುರಸ್ತಿಯು ಅನಿವಾರ್ಯವಾದರೆ ಮಾಡಿರಿ, ಅದರಲ್ಲಿ ದೋಷವಿಲ್ಲ. ಆದರೆ ಯಾವ ಭಾಗವನ್ನು ಯಾವಾಗ ಬದಲಿಸಿದಿರೆಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ನಿಮ್ಮ ಮೊಮ್ಮಕ್ಕಳು ಅದನ್ನು ಮಾರಲಿ, ಇಟ್ಟುಕೊಳ್ಳಲಿ, ಕೈಯಲ್ಲಿರುವುದು ಏನೆಂಬುದು ಅವರಿಗೆ ತಿಳಿದಿರುತ್ತದೆ.