‘ಇಗ್ರೀಜಸ್’: ಹೊಗಳಿಕೆಯಿಂದ ತೆಗಳಿಕೆಗೆ ಜಾರಿದ ಪದ

ಬೋಧನಾಭ್ಯಾಸದ ಕೊನೆಯ ದಿನ ಪ್ರಶಿಕ್ಷಣಾರ್ಥಿಗಳೆಲ್ಲ ಸೇರಿ ಶಾಲೆಯ ಮುಖ್ಯ ಶಿಕ್ಷಕರಿಗೆ ಕೃತಜ್ಞತಾ ಪತ್ರ ಸಿದ್ಧಪಡಿಸಿದೆವು. ನನ್ನದು ಇಂಗ್ಲಿಷ್ ವಿಷಯವಾದ್ದರಿಂದ ಬರೆಯುವ ಹೊಣೆ ನನಗೇ ಬಂತು. ಹಳೆಯ ನಿಘಂಟೊಂದರಲ್ಲಿ ‘ಶ್ರೇಷ್ಠ’ ಎಂಬ ಅರ್ಥ ಕಂಡು, ಅವರನ್ನು ‘ಇಗ್ರೀಜಸ್ ಟೀಚರ್’ ಎಂದು ಬರೆದೆ. ಪತ್ರ ಅವರ ಕೈಸೇರುವ ಮೊದಲೇ ನಮ್ಮ ಮಾರ್ಗದರ್ಶಕರು ಓದಿದ್ದರಿಂದ ಮಾನ ಉಳಿಯಿತು. ನಾನು ಬರೆದದ್ದು ಹೊಗಳಿಕೆಯಾಗಿರಲಿಲ್ಲ, ಬೈಗುಳವಾಗಿತ್ತು!

ಅರ್ಥ: ಇಂದಿನ ಇಂಗ್ಲಿಷಿನಲ್ಲಿ ಈ ಗುಣವಾಚಕಕ್ಕೆ ‘ಎದ್ದು ಕಾಣುವಷ್ಟು ಕೆಟ್ಟ’ ಎಂದರ್ಥ. ಉಚ್ಚಾರಣೆಯಲ್ಲಿ ಒತ್ತು ಬೀಳುವುದು ಎರಡನೆಯ ಅಕ್ಷರ ‘ಗ್ರೀ’ ಮೇಲೆ.

ಮೂಲ: ಲ್ಯಾಟಿನ್ನಿನಲ್ಲಿ ‘ಗ್ರೆಕ್ಸ್’ ಎಂದರೆ ಹಿಂಡು, ‘ಎ’ ಎಂದರೆ ಹೊರಗೆ. ಹಿಂಡಿನಿಂದ ಹೊರಗೆ ಎದ್ದು ಕಾಣುವವನು ‘ಎಗ್ರೀಗಿಯುಸ್’, ಅಂದರೆ ಶ್ರೇಷ್ಠ. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಒಳ್ಳೆಯ ಅರ್ಥವೂ ಜೊತೆಗಿತ್ತು. 1590ರಲ್ಲಿ ಅಚ್ಚಾದ ಮಾರ್ಲೋನ ‘ಟ್ಯಾಂಬರ್ಲೇನ್’ ನಾಟಕದಲ್ಲಿ ಇದು ಅಧೀನ ಅರಸರನ್ನು ಗೌರವದಿಂದ ಕರೆಯುವ ಮಾತು. ಷೇಕ್ಸ್‌ಪಿಯರನ ‘ಸಿಂಬಲೀನ್’ ನಾಟಕದಲ್ಲಾದರೋ ಇದು ಕೊಲೆಗಾರನಿಗೆ ಅಂಟಿದ ವಿಶೇಷಣ. ವ್ಯಂಗ್ಯವಾಗಿ ಬಳಸುತ್ತ ಬಳಸುತ್ತ ಕೆಟ್ಟ ಅರ್ಥವೇ ನಿಂತಿತೆಂದು ಪದಮೂಲ ತಜ್ಞರ ಊಹೆ. ಇಟಲಿಯವರು ಮಾತ್ರ ಔಪಚಾರಿಕ ಪತ್ರಗಳಲ್ಲಿ ಈಗಲೂ ‘ಎಗ್ರೆಜೋ’ ಎಂದು ಗೌರವದಿಂದಲೇ ಸಂಬೋಧಿಸುತ್ತಾರೆ.

ಇದು ನಮಗೆ ಹೊಸದಲ್ಲ. ‘ಏನು ಘನಂದಾರಿ ಕೆಲಸ ಮಾಡಿದೆಯಪ್ಪಾ!’ ಎಂದರೆ ಯಾವ ಮಗುವೂ ಹಿಗ್ಗುವುದಿಲ್ಲ. ‘ಘನ’ದೊಳಗಿನ ಹಿರಿಮೆ ಅಲ್ಲಿ ಚುಚ್ಚುಮಾತಾಗಿದೆ.

ಬಳಕೆ: ‘ಎರರ್’, ‘ಮಿಸ್ಟೇಕ್’, ‘ವಯಲೇಷನ್’ ಮುಂತಾದ ನಾಮಪದಗಳ ಹಿಂದೆ ಇದು ಸಾಮಾನ್ಯ. ಆದರೆ ಎಲ್ಲ ತಪ್ಪಿಗೂ ಹೊಂದದು. ಮಗು ಕಾಗುಣಿತದಲ್ಲಿ ಒಂದಕ್ಷರ ತಪ್ಪಿದರೆ ಅದು ಬರಿಯ ‘ಮಿಸ್ಟೇಕ್’. ಅಂಕ ಕೂಡುವಾಗ ಒಂದಿಡೀ ಪುಟವನ್ನೇ ಬಿಟ್ಟು ಪಾಸಾದ ಮಗುವನ್ನು ನಾವು ಫೇಲು ಮಾಡಿದರೆ ಅದು ‘ಇಗ್ರೀಜಸ್ ಮಿಸ್ಟೇಕ್’. ತಪ್ಪು ಗಂಭೀರವೂ ಆಗಿರಬೇಕು, ಕಣ್ಣಿಗೆ ರಾಚುವಂತೆಯೂ ಇರಬೇಕು.

ತರಗತಿಯಲ್ಲಿ: ಪದವನ್ನು ಒಂಟಿಯಾಗಿ ಕಲಿಸುವ ಬದಲು ಅದರ ಬಳಗವನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು. ಗುಂಪಿನಲ್ಲಿರಲು ಬಯಸುವವರು ‘ಗ್ರಿಗೇರಿಯಸ್’, ಗುಂಪುಗೂಡುವುದು ‘ಕಾಂಗ್ರಿಗೇಟ್’, ಬೇರ್ಪಡಿಸುವುದು ‘ಸೆಗ್ರಿಗೇಟ್’, ಒಟ್ಟು ಅಂಕಕ್ಕೆ ನಾವು ದಿನವೂ ಹೇಳುವ ‘ಅಗ್ರಿಗೇಟ್’. ಎಲ್ಲದರ ಒಳಗೂ ಅದೇ ಹಿಂಡು. ಮಕ್ಕಳು ಆ ಹಿಂಡನ್ನು ತಾವೇ ಹುಡುಕಲಿ.

ನಾನು ಕಲಿತದ್ದು ಇಷ್ಟು: ಪದದ ಮೂಲ ನೆನಪಿಗೆ ಆಸರೆ, ಬಳಕೆಗೆ ಅಪ್ಪಣೆಯಲ್ಲ. ಹೊಸ ಪದವನ್ನು ಮಕ್ಕಳ ಮುಂದಿಡುವ ಮೊದಲು ಇಂದಿನ ನಿಘಂಟಿನಲ್ಲಿ ಅದರ ಎರಡು ಮೂರು ವಾಕ್ಯಗಳನ್ನಾದರೂ ಓದಿಕೊಳ್ಳೋಣ. ನನ್ನ ಪತ್ರವನ್ನು ತಿದ್ದಲು ಮಾರ್ಗದರ್ಶಕರಿದ್ದರು. ಮುಂದೆ ನಮ್ಮ ತರಗತಿಯಲ್ಲಿ ನಮ್ಮನ್ನು ತಿದ್ದುವವರು ಇರುವುದಿಲ್ಲ. ನಾವು ಹೇಳಿದ್ದನ್ನೇ ಮಕ್ಕಳು ಬರೆದುಕೊಳ್ಳುತ್ತಾರೆ.