ಹತ್ತಿದ ಗೇರಿನಲ್ಲೇ ಇಳಿ

ಆಗುಂಬೆ ಘಾಟಿಗೆ ಎರಡು ವಾಸನೆಗಳಿವೆ. ಸೋಮೇಶ್ವರದ ಕಡೆಯಿಂದ ಹತ್ತಿ ಬರುವ ಕಾರುಗಳದ್ದು ಕ್ಲಚ್ ಸುಟ್ಟ ವಾಸನೆ, ಆಗುಂಬೆಯಿಂದ ಇಳಿದು ಹೋಗುವ ಕಾರುಗಳದ್ದು ಬ್ರೇಕ್ ಸುಟ್ಟ ವಾಸನೆ. ಶನಿವಾರ, ಭಾನುವಾರ ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಎರಡೂ ಮೂಗಿಗೆ ಬಡಿಯುತ್ತವೆ. ಕಾಡಿನ ಹಸಿ ವಾಸನೆ ಅವುಗಳ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತದೆ.

ಯಾವುದು ಯಾವ ವಾಸನೆ ಎಂದು ನನಗೆ ಹೇಳಿಕೊಟ್ಟವರು ಚಿಕ್ಕಪ್ಪ. ಇಪ್ಪತ್ತು ವರ್ಷ ಲಾರಿ ಓಡಿಸಿ, ಆಮೇಲೆ ಹಳೆಯದೊಂದು ಡೀಸೆಲ್ ಜೀಪು ಇಟ್ಟುಕೊಂಡು ತೀರ್ಥಹಳ್ಳಿಯ ಸುತ್ತಮುತ್ತ ಅಡಿಕೆ, ಗೊಬ್ಬರ, ಮದುವೆ ದಿಬ್ಬಣ ಎಲ್ಲವನ್ನೂ ಸಾಗಿಸಿದವರು. ನನಗೆ ಗಾಡಿ ಕಲಿಸಿದ್ದೂ ಅದೇ ಜೀಪಿನಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ. ಮೊದಲ ಮೂರು ದಿನ ಎಕ್ಸಲೇಟರ್ ಮುಟ್ಟಲು ಬಿಡಲಿಲ್ಲ. ಫಸ್ಟ್ ಗೇರ್ ಹಾಕುವುದು, ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ ಬರುವುದು, ಜೀಪು ತಾನಾಗಿ ಮೈ ಅಲುಗಿಸಿ ಹೊರಡುವ ಜಾಗ ಎಲ್ಲಿದೆ ಎಂದು ಕಾಲಿನಲ್ಲೇ ಹುಡುಕುವುದು, ಇಷ್ಟೇ ಪಾಠ. ನಾನು ಗೇರಿನ ಕಡೆ ಬಗ್ಗಿ ನೋಡಿದಾಗಲೆಲ್ಲ, "ಕಣ್ಣು ರಸ್ತೆ ನೋಡ್ಲಿ ಮಾರಾಯ್ತಿ, ಗೇರನ್ನ ಕಿವಿ ನೋಡ್ಕೊಳ್ತದೆ" ಎನ್ನುತ್ತಿದ್ದರು. ಗದ್ದೆಯಲ್ಲಿ ರಸ್ತೆಯೇ ಇರಲಿಲ್ಲ ಎಂಬುದು ಬೇರೆ ಮಾತು.

ಆ ಜಾಗದಲ್ಲಿ ನಡೆಯುವುದೇನು ಎಂದು ತಿಳಿದದ್ದು ಬಹಳ ಕಾಲದ ನಂತರ, ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿದ ಕಾರೊಂದನ್ನು ನೋಡಿದಾಗ. ಎಂಜಿನ್ನಿನ ತುದಿಗೆ ಫ್ಲೈವೀಲ್ ಎಂಬ ಭಾರದ ಚಕ್ರ. ಅದರ ಮೈಗೆ ಗೇರ್‌ಬಾಕ್ಸಿನ ಕಡೆಯ ಕ್ಲಚ್ ಪ್ಲೇಟನ್ನು ಬಲವಾದ ಸ್ಪ್ರಿಂಗೊಂದು ಸದಾ ಅಮುಕಿ ಹಿಡಿದಿರುತ್ತದೆ. ಪೆಡಲ್ ಒತ್ತಿದರೆ ಹಿಡಿತ ಸಡಿಲ, ಬಿಟ್ಟರೆ ಬಿಗಿ. ಅಂದರೆ ಎಡಗಾಲು ಮಾಡುವುದು ಹಿಡಿಯುವ ಕೆಲಸವಲ್ಲ, ಬಿಡಿಸುವ ಕೆಲಸ. ಪ್ಲೇಟು ಪೂರ್ತಿ ಹಿಡಿದೂ ಇಲ್ಲ, ಪೂರ್ತಿ ಬಿಟ್ಟೂ ಇಲ್ಲ ಎಂಬ ನಡುವಿನ ಸ್ಥಿತಿಯೇ ಹಾಫ್ ಕ್ಲಚ್. ಚಳಿಗೆ ಅಂಗೈ ಉಜ್ಜಿಕೊಂಡ ಹಾಗೆ ಅಲ್ಲಿ ಎರಡು ಮೈಗಳು ಒಂದಕ್ಕೊಂದು ಉಜ್ಜುತ್ತವೆ. ಒಂದೆರಡು ಸೆಕೆಂಡು ಉಜ್ಜಿದರೆ ಗಾಡಿ ನಯವಾಗಿ ಹೊರಡುತ್ತದೆ. ಅರ್ಧ ನಿಮಿಷ ಉಜ್ಜಿದರೆ ಘಾಟಿಯ ಮೊದಲನೆಯ ವಾಸನೆ.

ಇದು ಹೆಚ್ಚಾಗಿ ಆಗುವುದು ಏರಿನಲ್ಲಿ ಸಾಲುಗಟ್ಟಿ ನಿಂತಾಗ. ಮುಂದಿನ ಕಾರು ಒಂದು ಮಾರು ಸರಿದರೆ ನಾವೂ ಸರಿಯಬೇಕು, ಹಿಂದಿನವನ ಬಂಪರಿಗೆ ತಾಗಬಾರದು. ಆ ಹೆದರಿಕೆಗೆ ಜನ ಬ್ರೇಕ್ ಬಿಟ್ಟು, ಹಾಫ್ ಕ್ಲಚ್ಚಿನಲ್ಲಿ ರೇಸ್ ಕೊಡುತ್ತಾ ಗಾಡಿಯನ್ನು ಇಳಿಜಾರಿನಲ್ಲಿ ತೂಗುಹಾಕಿಕೊಂಡು ನಿಲ್ಲುತ್ತಾರೆ. ಹ್ಯಾಂಡ್ ಬ್ರೇಕ್ ಎಂಬುದು ಇರುವುದೇ ಇದಕ್ಕೆ. ಎಳೆದು ಆರಾಮಾಗಿ ಕೂರಿ. ಹೊರಡುವಾಗ ಫಸ್ಟ್ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಎಂಜಿನ್ನಿನ ಸದ್ದು ಒಂದು ಮಟ್ಟ ತಗ್ಗಿ, ಬಾನೆಟ್ ಕೊಂಚ ಮೇಲೆದ್ದಂತೆ ಕಂಡಾಗ ಪ್ಲೇಟು ಹಿಡಿದಿದೆ ಎಂದು ಅರ್ಥ. ಆಗ ಸ್ವಲ್ಪ ರೇಸ್ ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸಿದರೆ ಗಾಡಿ ಒಂದು ಅಂಗುಲವೂ ಹಿಂದೆ ಸರಿಯುವುದಿಲ್ಲ. ಹೊಸ ಕಾರುಗಳಲ್ಲಿ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡು ಹಿಡಿದುಕೊಳ್ಳುವ ಸೌಲಭ್ಯ ಇದೆ, ಒಳ್ಳೆಯದೇ. ಆದರೆ ಅದು ಕೊಡುವ ಬಿಡುವು ಅಷ್ಟೇ ಸೆಕೆಂಡಿನದು.

ಓಡುತ್ತಿರುವಾಗ ಎಡಗಾಲನ್ನು ಕ್ಲಚ್ಚಿನ ಮೇಲೆ ಸುಮ್ಮನೆ ಇಟ್ಟುಕೊಳ್ಳುವ ಚಾಳಿಯೂ ಹಲವರಿಗಿದೆ. ಚಪ್ಪಲಿಯ ಭಾರವೇ ಸಾಕು, ಕ್ಲಚ್ ಬಿಡಿಸುವ ಬೇರಿಂಗು ಬಿಡುವಿಲ್ಲದೆ ತಿರುಗಿ ಸವೆಯಲು. ಮೆಕ್ಯಾನಿಕ್ಕುಗಳಿಗೆ ನಮ್ಮ ಗುಣ ನಮಗಿಂತ ಚೆನ್ನಾಗಿ ಗೊತ್ತಾಗುವುದು ಹೀಗೆ.

ಇನ್ನು ಗೇರ್ ಇಳಿಸುವ ವಿದ್ಯೆ. ಹಾಕುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ಇಳಿಸುವುದನ್ನು ಬಹಳ ಜನ ಕಲಿಯುವುದೇ ಇಲ್ಲ. ಸಣ್ಣ ಪೆಟ್ರೋಲ್ ಕಾರೊಂದು ಥರ್ಡಿನಲ್ಲಿ ಹೋಗುತ್ತಿದೆ, ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ಅದೇ ವೇಗದಲ್ಲಿ ಸೆಕೆಂಡಿಗೆ ಇಳಿಸಿದರೆ ಎಂಜಿನ್ 3000 ಸುತ್ತಿನ ಹತ್ತಿರ ತಿರುಗಬೇಕಾಗುತ್ತದೆ. ಈ ಸಾವಿರ ಸುತ್ತಿನ ವ್ಯತ್ಯಾಸವನ್ನು ತುಂಬುವವರು ಯಾರು? ಕ್ಲಚ್ಚನ್ನು ಫಕ್ಕನೆ ಬಿಟ್ಟರೆ ಚಕ್ರಗಳು ಎಂಜಿನ್ನನ್ನು ಕುತ್ತಿಗೆಪಟ್ಟಿ ಹಿಡಿದು ಎಳೆಯುತ್ತವೆ, ಗಾಡಿ ಮುಗ್ಗರಿಸುತ್ತದೆ, ಹಿಂದೆ ಕೂತವರ ತಲೆ ಮುಂದಿನ ಸೀಟಿಗೆ ಬರುತ್ತದೆ. ಮಳೆ ಬಿದ್ದ ಪಾಚಿಗಟ್ಟಿದ ತಿರುವಿನಲ್ಲಾದರೆ ಆ ಎಳೆತಕ್ಕೆ ಚಕ್ರವೇ ಜಾರಬಹುದು. ಬದಲಿಗೆ ಕ್ಲಚ್ ಒತ್ತಿ, ಗೇರ್ ಇಳಿಸುವಾಗಲೇ ಬಲಗಾಲಿನಿಂದ ಚೂರು ರೇಸ್ ಕೊಟ್ಟು, ಎಂಜಿನ್ನಿನ ಸದ್ದು ಏರಿದ ಕ್ಷಣ ಕ್ಲಚ್ ಬಿಟ್ಟರೆ? ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಈ ವಿದ್ಯೆಯ ಗುರುತು. ಮಡಿಲಲ್ಲಿ ಮಲಗಿದ ಮಗುವಿಗೆ ಎಚ್ಚರವಾಗಬಾರದು.

ಚಿಕ್ಕಪ್ಪನ ಕಾಲಕ್ಕೆ ಇದು ಸೊಗಸಿನ ಮಾತಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ಹಳೆಯ ಲಾರಿಗಳಲ್ಲಿ ಡಬಲ್ ಕ್ಲಚ್ ಹೊಡೆಯದೆ ಗೇರ್ ಇಳಿಯುತ್ತಲೇ ಇರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಟ್ಟು ರೇಸ್ ಕೊಡಬೇಕು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ತಳ್ಳಬೇಕು. ನಡುವೆ ಕೊಡುವ ಆ ರೇಸು ಗೇರ್‌ಬಾಕ್ಸಿನ ಒಳಗಿನ ಹಲ್ಲುಚಕ್ರಗಳ ವೇಗವನ್ನು ಹೊಂದಿಸುತ್ತದೆ. ತಪ್ಪಿದರೆ ಗರ್ರ್ ಎಂದು ಊರಿಗೆಲ್ಲ ಕೇಳುತ್ತಿತ್ತು. ಕ್ಲೀನರ್ ಹುಡುಗ ಮುಸಿಮುಸಿ ನಗುತ್ತಿದ್ದನಂತೆ. ಈ ಕಷ್ಟಕ್ಕೆ ಅಮೆರಿಕದ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್ ಹುಡುಕಿದ ಉಪಾಯ ಸಿಂಕ್ರೊಮೆಶ್. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಮೊದಲು ಬಂತು. ಹಲ್ಲುಗಳು ಕೂಡುವ ಮುಂಚೆ ಬಳೆಯಂಥ ಒಂದು ಉಂಗುರ, ಬಹಳ ಗಾಡಿಗಳಲ್ಲಿ ಹಿತ್ತಾಳೆಯದು, ಉಜ್ಜಿ ವೇಗ ಹೊಂದಿಸಿಕೊಡುತ್ತದೆ. ಇವತ್ತಿನ ಕಾರುಗಳಲ್ಲಿ ಗೇರ್ ಬೆಣ್ಣೆಯ ಹಾಗೆ ಬೀಳುವುದು ಆ ಬಳೆಗಳ ಪುಣ್ಯ. ಆದರೆ ಅವು ಹೊಂದಿಸುವುದು ಗೇರ್‌ಬಾಕ್ಸಿನ ಒಳಗಿನ ವೇಗವನ್ನು ಮಾತ್ರ. ಎಂಜಿನ್ನಿನ ವೇಗ ಹೊಂದಿಸುವ ಕೆಲಸ ಇನ್ನೂ ನಮ್ಮ ಪಾದಕ್ಕೋ, ಪಾಪದ ಕ್ಲಚ್ ಪ್ಲೇಟಿಗೋ ಸೇರಿದ್ದು.

ರ‍್ಯಾಲಿಯವರು ಬ್ರೇಕ್ ಮೇಲೆ ಪಾದದ ಮುಂಭಾಗ ಇಟ್ಟುಕೊಂಡೇ, ಅದೇ ಪಾದದ ಅಂಚಿನಿಂದ ಎಕ್ಸಲೇಟರ್ ತಟ್ಟಿ ಗೇರ್ ಇಳಿಸುತ್ತಾರೆ. ಒಂದು ಸಲ ನಾನೂ ಪ್ರಯತ್ನಿಸಿ ಚಪ್ಪಲಿ ಕಿತ್ತುಕೊಂಡೆ. ಸಂತೆಗೆ ಹೋಗುವವರಿಗೆ ಅದು ಬೇಕಿಲ್ಲ.

ಏರಿನಲ್ಲಿ ಗೇರ್ ಯಾವಾಗ ಇಳಿಸಬೇಕು ಎಂಬುದಕ್ಕೆ ಉತ್ತರ ಸುಲಭ: ಗಾಡಿ ಕೇಳುವ ಮುಂಚೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಥರ್ಡಿನಲ್ಲೇ ನುಗ್ಗಿ, ನಟ್ಟನಡುವೆ ಎಂಜಿನ್ ಗೊಗ್ಗರು ದನಿ ತೆಗೆದ ಮೇಲೆ ಕ್ಲಚ್ ಒತ್ತುವವರೇ ಹೆಚ್ಚು. ಆಗ ವೇಗ ಸತ್ತಿರುತ್ತದೆ, ಸೆಕೆಂಡ್ ಸಾಲುವುದಿಲ್ಲ, ಫಸ್ಟ್ ಹಾಕಬೇಕು, ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಗಾಡಿ. ತಿರುವು ಶುರುವಾಗುವ ಮೊದಲೇ ಸೆಕೆಂಡಿಗೆ ಇಳಿಸಿ ಒಳಗೆ ಹೋದರೆ ಎಂಜಿನ್ ಹಾಡುತ್ತಾ ಎಳೆಯುತ್ತದೆ. ಅಂದಹಾಗೆ ಇಕ್ಕಟ್ಟಿನ ಘಾಟಿಯಲ್ಲಿ ಮೊದಲ ದಾರಿ ಹತ್ತುವ ಗಾಡಿಗೆ, ಇಳಿಯುವವರು ನಿಲ್ಲಬೇಕು. ಇದು ರಸ್ತೆಯ ನಿಯಮವೇ ಆಗಿದ್ದರೂ ಬಹುಮಂದಿಗೆ ಗೊತ್ತಿಲ್ಲ, ಗೊತ್ತಿದ್ದವರು ಹಾರ್ನ್ ಹೊಡೆಯುತ್ತಾರೆ.

ಇಳಿಯುವುದಕ್ಕೆ ಹಳೆಯ ಡ್ರೈವರುಗಳದ್ದು ಒಂದೇ ಸೂತ್ರ: ಹತ್ತಿದ ಗೇರಿನಲ್ಲೇ ಇಳಿ. ಸೆಕೆಂಡಿನಲ್ಲಿ ಹತ್ತಿದ್ದರೆ ಸೆಕೆಂಡಿನಲ್ಲೇ. ಎಕ್ಸಲೇಟರಿನಿಂದ ಕಾಲು ತೆಗೆದರೆ ಸಾಕು, ಕೆಳಗಿನ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಹಿಂದಕ್ಕೆ ಹಿಡಿದಿರುತ್ತದೆ, ಬ್ರೇಕು ತಿರುವಿಗಷ್ಟೇ. ಇದನ್ನು ಬಿಟ್ಟು ಬರೀ ಬ್ರೇಕಿನಲ್ಲಿ ಇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಜನ, ಸಾಮಾನು ಸೇರಿ 1200 ಕೆ.ಜಿ. ತೂಗುವ ಕಾರು 500 ಮೀಟರ್ ಕೆಳಗಿಳಿದಾಗ ಹುಟ್ಟುವ ಶಾಖದಲ್ಲಿ ಸುಮಾರು 18 ಲೀಟರ್ ತಣ್ಣೀರು ಕುದಿಸಬಹುದು. ಒಂದು ಕೊಡದಷ್ಟು ನೀರು ಕುದಿಯುವ ಬೆಂಕಿಯನ್ನು ಅಂಗೈಯಗಲದ ಬ್ರೇಕ್ ಪ್ಯಾಡುಗಳು ನುಂಗಬೇಕು. ಬಿಸಿ ಏರಿದ ಹಾಗೆ ಅವುಗಳ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಜಾತಿಯದು, ಉಪ್ಪು ನೀರಾಗುವ ನಮ್ಮೂರಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ಮಾನದಂಡವಿದೆ, ತೇವ ಹೀರಿದ್ದಕ್ಕೆ ಅದು 140ಕ್ಕೆ ಇಳಿಯುತ್ತದೆ. ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. "ಬ್ರೇಕ್ ಹತ್ತಲಿಲ್ಲ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಶಿರಾಡಿ ಘಾಟಿಯಲ್ಲಿ ಇಳಿಯುವ ಲಾರಿಗಳು ಉಸಿರು ಕಟ್ಟಿ ಮುಕ್ಕಿರಿದಂಥ ಸದ್ದು ಮಾಡುವುದನ್ನು ಕೇಳಿರುತ್ತೀರಿ. ಅದು ಎಕ್ಸಾಸ್ಟ್ ಬ್ರೇಕ್. ಹೊಗೆ ಹೋಗುವ ದಾರಿಯನ್ನೇ ಮುಚ್ಚಿ ಎಂಜಿನ್ನಿನಿಂದ ಇನ್ನಷ್ಟು ತಡೆ ಪಡೆಯುವ ಉಪಾಯ.

ಎಣ್ಣೆ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವರು ಈಗಲೂ ಇದ್ದಾರೆ. ಕಾರ್ಬ್ಯುರೇಟರ್ ಕಾಲದಲ್ಲಿ ಚೂರು ಉಳಿಯುತ್ತಿತ್ತೇನೋ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಲೆಕ್ಕ ತಿರುಗುಮುರುಗು. ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಎಣ್ಣೆ ಪೂರ್ತಿ ನಿಂತೇ ಹೋಗುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಉಸಿರಾಡಲು ಒಂದಿಷ್ಟು ಕುಡಿಯಲೇಬೇಕು. ಎಂಜಿನ್ ಆಫ್ ಮಾಡಿ ಇಳಿಯುವ ಮಹಾನುಭಾವರಿಗೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ, ಕೀಲಿ ತೆಗೆದರಂತೂ ಸ್ಟೀರಿಂಗೇ ಲಾಕು.

ಇದೆಲ್ಲ ಘಾಟಿಯ ಮಾತು. ಬೆಂಗಳೂರಿನ ಸಿಗ್ನಲ್ಲಿಗೆ ಬರುವಾಗಲೂ ನಾಲ್ಕು, ಮೂರು, ಎರಡು ಎಂದು ಇಳಿಸುತ್ತಾ ಬರುವ ಶೂರರನ್ನು ಕಂಡರೆ ನನಗೆ ನಗು. ಅಲ್ಲಿ ಬ್ರೇಕ್ ಒತ್ತಿ, ನಿಲ್ಲುವ ಹೊತ್ತಿಗೆ ಕ್ಲಚ್ ಒತ್ತಿದರೆ ಮುಗಿಯಿತು. ಬ್ರೇಕ್ ಪ್ಯಾಡಿಗಿಂತ ಕ್ಲಚ್ ಪ್ಲೇಟು ದುಬಾರಿ, ಬದಲಿಸುವ ಕೂಲಿ ಅದಕ್ಕಿಂತ ದುಬಾರಿ. ಹೆದ್ದಾರಿಯಲ್ಲಿ ಇನ್ನೊಂದು ಅಪಾಯವಿದೆ. ನೂರರ ವೇಗದಲ್ಲಿ ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಕೈತಪ್ಪಿ ಎರಡಕ್ಕೆ ಬಿದ್ದರೆ, ಸಣ್ಣ ಕಾರಿನ ಎಂಜಿನ್ 7000 ಸುತ್ತು ದಾಟುತ್ತದೆ. ತಿರುಗಿಸುತ್ತಿರುವುದು ಚಕ್ರಗಳಾದ್ದರಿಂದ ಯಾವ ಕಂಪ್ಯೂಟರೂ ತಡೆಯಲಾರದು.

2014ರಲ್ಲಿ ಮಾರುತಿಯವರು ತಾನೇ ಗೇರ್ ಬದಲಿಸುವ ಸೆಲೆರಿಯೊ ಎಎಂಟಿ ತಂದ ಮೇಲೆ ಕ್ಲಚ್ ಪೆಡಲ್ಲೇ ಇಲ್ಲದ ಅಗ್ಗದ ಕಾರುಗಳು ಊರೂರಿಗೆ ಬಂದಿವೆ. ಘಾಟಿಯಲ್ಲಿ ಅವೂ ಹೇಳಿಸಿಕೊಳ್ಳಬೇಕು: ಲಿವರನ್ನು ಮ್ಯಾನ್ಯುಯಲ್ಲಿಗೆ ತಂದು ಎರಡರಲ್ಲಿ ಹಿಡಿದಿಡದಿದ್ದರೆ ಇಳಿಜಾರಿನಲ್ಲಿ ತಾವಾಗಿ ಮೇಲಿನ ಗೇರಿಗೆ ಹೋಗಿಬಿಡುವುದುಂಟು.

ಕಳೆದ ಮಳೆಗಾಲದ ಕೊನೆಗೆ ಚಿಕ್ಕಪ್ಪನನ್ನು ಕೂರಿಸಿಕೊಂಡು ಉಡುಪಿಗೆ ಹೊರಟಿದ್ದೆ. ಘಾಟಿಯುದ್ದಕ್ಕೂ ಅವರು ಮಾತಾಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದರು. ಸೋಮೇಶ್ವರದಲ್ಲಿ ಕಾರು ನಿಲ್ಲಿಸಿದಾಗ ಇಳಿದು, ಜ್ವರ ನೋಡುವ ಹಾಗೆ ಹಿಂಗೈಯನ್ನು ಒಂದೊಂದೇ ಚಕ್ರದ ಹತ್ತಿರ ಹಿಡಿಯುತ್ತಾ ಸುತ್ತು ಬಂದರು. ಮುಂದಿನ ಚಕ್ರದ ಬಳಿ ಕೈ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ಬೆಚ್ಚಗುಂಟು," ಎಂದರು. "ಏಳನೇ ತಿರುವಲ್ಲಿ ಹೆದರಿದ್ದೆ ಅಲ್ವಾ?"