ರಾಯಭಾರದ ಒಕ್ಕಣೆ

ರಾಜರ ಸಂಧಿವಿಗ್ರಹಗಳಿಗೆ ಲೇಖವೇ ಮೂಲವೆಂದು ಕೌಟಿಲ್ಯನು ಅರ್ಥಶಾಸ್ತ್ರದ ಶಾಸನಾಧಿಕಾರ ಪ್ರಕರಣದಲ್ಲಿ ಹೇಳಿದ್ದಾನೆ. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಅಚ್ಚುಮಾಡಿಸಿದ ಮೇಲೆ ಅದರ ದಂಡನೀತಿಗೆ ಸಂದಷ್ಟು ಮನ್ನಣೆಯು ಈ ಲೇಖಪ್ರಕರಣಕ್ಕೆ ಸಂದಂತೆ ತೋರುವುದಿಲ್ಲ. ಲೇಖವು ನಿಂದೆಯಾಗಬಹುದು, ಪ್ರಶಂಸೆಯಾಗಬಹುದು, ಅರ್ಥನೆ, ಉಪಾಲಂಭ, ಚೋದನೆ, ಭರ್ತ್ಸನೆಗಳಾಗಬಹುದು. ಹೀಗೆ 13 ಪ್ರಯೋಜನಗಳನ್ನು ಅಲ್ಲಿ ಎಣಿಸಿದೆ. ‘ಕೊಡು’ ಎಂದು ಬೇಡುವುದು ಅರ್ಥನೆ. ‘ಹೀಗೆ ಮಾಡತಕ್ಕದ್ದು’ ಎಂದು ವಿಧಿಸುವುದು ಚೋದನೆ. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಒಂದು ಬಿನ್ನಹ, ಮತ್ತೊಂದು ನಿರೂಪ. ಈ ಭೇದವನ್ನರಿತು ಬರೆಯಬಲ್ಲವನಿಗೇ ರಾಜ್ಯಗಳ ನಡುವಣ ಮಾತನ್ನು ಒಪ್ಪಿಸುತ್ತಿದ್ದರು. ಬಾದಾಮಿಯ ಚಾಲುಕ್ಯರ ತಾಮ್ರಶಾಸನಗಳಲ್ಲಿ ಮಹಾಸಂಧಿವಿಗ್ರಹಿಕನೇ ಶಾಸನವನ್ನು ಬರೆದನೆಂದು ಹೇಳಿರುವುದುಂಟು. ಯುದ್ಧಶಾಂತಿಗಳ ಅಧಿಕಾರಿಯೂ ಒಕ್ಕಣೆಗಾರನೂ ಒಬ್ಬನೇ ಆಗಿದ್ದುದು ಆಕಸ್ಮಿಕವಲ್ಲ.

ಈಗ ರಾಜ್ಯಗಳು ಸಾಮಾಜಿಕ ಜಾಲತಾಣಗಳ ಮೂಲಕ ಒಂದರೊಡನೊಂದು ಮಾತನಾಡತೊಡಗಿವೆ. ಇದರಿಂದ ರಾಯಭಾರದ ವೇಗ ಹೆಚ್ಚಿತೆಂಬುದು ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ. ಇದು ಅರೆಮಾತೆಂದು ನಮಗೆ ತೋರುತ್ತದೆ. ವೇಗವು 19ನೆಯ ಶತಮಾನದಲ್ಲಿಯೇ ತಂತಿಯಿಂದ ದೊರೆತಿತ್ತು. ಅದಕ್ಕೆ ಮುಂಚೆ ಇಂಗ್ಲೆಂಡಿಗೂ ಅಮೆರಿಕಕ್ಕೂ 1814ರ ಡಿಸೆಂಬರ್ 24ರಂದು ಘೆಂಟ್ ನಗರದಲ್ಲಿ ಸಂಧಿಯಾದ ಸುದ್ದಿ ಸಾಗರವನ್ನು ದಾಟುವುದರೊಳಗಾಗಿ, 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸಿನಲ್ಲಿ ಘೋರಯುದ್ಧವೇ ನಡೆದುಹೋಯಿತು. ಅಂತಹ ವಿಳಂಬವನ್ನು ತಂತಿ ಹೋಗಲಾಡಿಸಿತು. ಆದರೆ ತಂತಿವರ್ತಮಾನವು ಮುಚ್ಚಿದ ಲಕೋಟೆಯ ಧರ್ಮವನ್ನು ಬಿಟ್ಟಿರಲಿಲ್ಲ. ಅದರ ಓದುಗನು ಗೊತ್ತಾದವನೇ. ಹೊಸ ಸಾಧನವು ಬದಲಾಯಿಸಿರುವುದು ಈ ಓದುಗನನ್ನು. ಪತ್ರವು ಒಬ್ಬನ ಹೆಸರಿನಲ್ಲಿ ಹೋಗುತ್ತದೆ, ಲೋಕವೆಲ್ಲ ಓದುತ್ತದೆ.

ಇದರ ಪರಿಣಾಮವೇನೆಂಬುದಕ್ಕೆ ಮುನ್ಸೂಚನೆಯೊಂದು 1870ರಲ್ಲಿಯೇ ದೊರೆತಿತ್ತು. ಜುಲೈ 13ರಂದು ಎಮ್ಸ್ ಎಂಬ ಊರಿನಲ್ಲಿ ಪ್ರಷ್ಯದ ದೊರೆಗೂ ಫ್ರೆಂಚ್ ರಾಯಭಾರಿಗೂ ನಡೆದ ಮಾತುಕತೆಯ ವರದಿ ತಂತಿಯಲ್ಲಿ ಬಿಸ್ಮಾರ್ಕನಿಗೆ ಬಂದಿತು. ಅವನು ಅದನ್ನು ಮೊಟಕುಮಾಡಿ ಪತ್ರಿಕೆಗಳಿಗೆ ಕೊಟ್ಟನು. ಸೇರಿಸಿದುದು ಏನೂ ಇಲ್ಲವೆಂದೇ ಹೇಳಬೇಕು. ಮೃದುಪಡಿಸುವ ಮಾತುಗಳನ್ನು ತೆಗೆದನು, ಅಷ್ಟೆ. ಅದರ ಮೇಲೆ ಭಾಷಾಂತರದ ದೋಷವೂ ಕೂಡಿಕೊಂಡಿತು. ದೊರೆಯು ಹೇಳಿಕಳುಹಿಸಿದ ಸೇನಾಧಿಕಾರಿಗೆ ಜರ್ಮನ್ನಿನಲ್ಲಿದ್ದ ‘ಅಡ್ಯುಟಾಂಟ್’ ಎಂಬ ಗೌರವದ ಹೆಸರನ್ನು ಫ್ರೆಂಚಿಗೆ ಹಾಗೆಯೇ ಎತ್ತಿಕೊಂಡದ್ದರಿಂದ, ಅಲ್ಲಿನವರಿಗೆ ಅದು ಕೆಳದರ್ಜೆಯ ದಫೇದಾರನಂಥವನೆಂದು ಕೇಳಿಸಿತು. ಜುಲೈ 19ರಂದು ಫ್ರಾನ್ಸ್ ಯುದ್ಧವನ್ನು ಘೋಷಿಸಿತು. ಯುದ್ಧಕ್ಕೆ ಬೇರೆ ಕಾರಣಗಳು ಸಿದ್ಧವಾಗಿಯೇ ಇದ್ದವು. ಆದರೂ ಇಬ್ಬರೊಳಗೆ ಉಳಿದಿದ್ದರೆ ತಿದ್ದಿಕೊಳ್ಳಬಹುದಾಗಿದ್ದ ಮಾತು ಬೀದಿಗೆ ಬಿದ್ದೊಡನೆ ಮಾನಾಪಮಾನಗಳ ಪ್ರಶ್ನೆಯಾಯಿತೆಂಬುದು ಗಮನಾರ್ಹ.

2018ರ ಆಗಸ್ಟಿನಲ್ಲಿ ಕೆನಡಕ್ಕೂ ಸೌದಿ ಅರೇಬಿಯಕ್ಕೂ ಒದಗಿದ ಪ್ರಸಂಗವು ಇದೇ ಜಾತಿಯದು. ಸೌದಿಯಲ್ಲಿ ಮಹಿಳೆಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕೆಲವರನ್ನು ಸೆರೆಹಿಡಿದುದರ ಬಗ್ಗೆ ಕೆನಡದ ವಿದೇಶಾಂಗ ಇಲಾಖೆ ಕಳವಳ ಸೂಚಿಸಿ, ಅವರನ್ನು ‘ಕೂಡಲೆ’ ಬಿಡುಗಡೆ ಮಾಡಬೇಕೆಂದು ಟ್ವಿಟರಿನಲ್ಲಿ ಪ್ರಕಟಿಸಿತು. ರಿಯಾದಿನಲ್ಲಿದ್ದ ಅದರ ರಾಯಭಾರಕಛೇರಿ ಆ ಮಾತನ್ನೇ ಅರಬ್ಬಿಯಲ್ಲಿ ಹೊರಡಿಸಿತು. ಸೌದಿ ಸರ್ಕಾರವು ಇದನ್ನು ತನ್ನ ಒಳಾಡಳಿತದಲ್ಲಿ ಕೈಹಾಕಿದಂತೆಂದು ಖಂಡಿಸಿ, ‘ಕೂಡಲೆ’ ಎಂಬ ಪದವನ್ನೇ ಹೆಸರಿಸಿ ಆಕ್ಷೇಪಿಸಿತು. ಕೆನಡದ ರಾಯಭಾರಿಗೆ 24 ಗಂಟೆಗಳೊಳಗೆ ಹೊರಡಬೇಕೆಂದು ಆಜ್ಞೆಯಾಯಿತು. ಹೊಸ ವ್ಯಾಪಾರಕ್ಕೆ ತಡೆಬಿತ್ತು. ಸರ್ಕಾರದ ವೇತನದಿಂದ ಕೆನಡದಲ್ಲಿ ಓದುತ್ತಿದ್ದ ಸಾವಿರಾರು ವಿದ್ಯಾರ್ಥಿಗಳಿಗೆ ಬೇರೆ ದೇಶಗಳಿಗೆ ಹೋಗುವಂತೆ ತಿಳಿಸಲಾಯಿತು.

ಕೆನಡವು ಬರೆದುದು ಅರ್ಥನೆಯೊ, ಚೋದನೆಯೊ? ಕ್ರಿಯಾಪದವನ್ನು ನೋಡಿದರೆ ಒತ್ತಾಯದ ಕೋರಿಕೆ. ಕ್ರಿಯಾವಿಶೇಷಣವನ್ನು ನೋಡಿದರೆ ನಿರೂಪ. ಕೋಣೆಯೊಳಗೆ ಇದೇ ಮಾತನ್ನಾಡುವ ರಾಯಭಾರಿಗೆ ಸ್ವರವಿದೆ, ಮುಖವಿದೆ, ಎದುರಾಳಿಯ ಹುಬ್ಬು ಗಂಟಿಕ್ಕಿದರೆ ಮಾತನ್ನು ತಿರುಗಿಸುವ ಅವಕಾಶವಿದೆ. ಹೇಳಿಯೂ ಹೇಳದಂತಿರಲು ಸಹಿಯಿಲ್ಲದ ಕಾಗದವೊಂದನ್ನು ಮೇಜಿನ ಮೇಲೆ ಬಿಟ್ಟುಬರುವ ಪದ್ಧತಿಯೂ ಉಂಟು. ಈ ಸೌಕರ್ಯಗಳಾವುವೂ ಬಹಿರಂಗದ ಎರಡು ಸಾಲಿಗೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮಾತಿಗೆ ಇಬ್ಬರು ಓದುಗರಿದ್ದರು. ಆಂಗ್ಲರೂಪವನ್ನು ಕೆನಡದ ಪ್ರಜೆಗಳು ತಮ್ಮ ಸರ್ಕಾರದ ಧರ್ಮನಿಷ್ಠೆಯೆಂದು ಓದಬಹುದಾಗಿತ್ತು. ಅರಬ್ಬಿರೂಪವು ದೊರೆಯನ್ನು ಬಿಟ್ಟು ನೇರವಾಗಿ ಅವನ ಪ್ರಜೆಗಳೊಡನೆ ಮಾತನಾಡಿದಂತಾಯಿತು. ನಮ್ಮ ಎಣಿಕೆಯಲ್ಲಿ ಕೋಪಕ್ಕೆ ಪದಕ್ಕಿಂತಲೂ ಈ ಎರಡನೆಯದೇ ಹೆಚ್ಚಿನ ಕಾರಣ. ಸೆರೆಯಲ್ಲಿದ್ದವರ ಪರವಾಗಿ ಮಾತನಾಡಿದ್ದೇ ತಪ್ಪೆಂದು ಇದರ ಅರ್ಥವಲ್ಲ. ಬಹಿರಂಗವಾಗಿ ಆಡಬೇಕಾದ ಮಾತುಗಳು ಇದ್ದೇ ಇರುತ್ತವೆ. ಆದರೆ ಮುರಿದುದನ್ನು ಕೂಡಿಸಿದ್ದು ಟ್ವಿಟರಲ್ಲ. 2022ರ ನವೆಂಬರಿನಲ್ಲಿ ಬ್ಯಾಂಕಾಕಿನ ಸಮ್ಮೇಳನವೊಂದರ ಬದಿಯಲ್ಲಿ ಕೆನಡದ ಪ್ರಧಾನಿಯೂ ಸೌದಿಯ ಯುವರಾಜನೂ ಮುಖಾಮುಖಿ ಮಾತನಾಡಿದುದರ ಫಲವಾಗಿ 2023ರ ಮೇ ತಿಂಗಳಿನಲ್ಲಿ ರಾಯಭಾರಸಂಬಂಧವು ಮತ್ತೆ ನೆಲೆಗೊಂಡಿತು.

ಪ್ರತಿಪಕ್ಷದವರು 2019ರ ಜೂನ್ 29ರ ನಿದರ್ಶನವನ್ನು ತರಬಹುದು. ಅಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಒಸಾಕದಿಂದ ಟ್ವಿಟರಿನಲ್ಲಿಯೇ ಉತ್ತರ ಕೊರಿಯದ ಕಿಮ್ ಜೊಂಗ್ ಉನ್‌ಗೆ ಕರೆಯಿತ್ತರು. ಮರುದಿನ ಪಾನ್ಮುಂಜೊಮಿನಲ್ಲಿ ಇಬ್ಬರೂ ಕೈಕುಲುಕಿದರು. ಒಪ್ಪಬೇಕಾದುದೇ. ಆದರೆ ಅದೇ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಅಧಿಕಾರಿಗಳು ಷರತ್ತುಗಳನ್ನು ಮಾತನಾಡಲು ಕುಳಿತಾಗ ಮಾತು ಮುರಿದುಬಿತ್ತು. ಕರೆಯಲು ಎರಡು ಸಾಲು ಸಾಕಾಯಿತು. ಕೌಟಿಲ್ಯನು ಹೇಳುವ ಪರಿಪೂರ್ಣತೆ ಎರಡು ಸಾಲಿಗೆ ದಕ್ಕುವುದಲ್ಲ.

ಚರಿತ್ರಕಾರರಿಗೆ ಇದರಲ್ಲಿ ಬೇರೊಂದು ಚಿಂತೆಯಿದೆ. ಎಮ್ಸಿನ ತಂತಿಯ ಮೂಲವೂ ತಿದ್ದಿದ ಪಾಠವೂ ಉಳಿದಿರುವುದರಿಂದಲೇ ನಾವು ಇಂದು ಪಾಠಾಂತರವನ್ನು ಪರಿಶೀಲಿಸಬಲ್ಲೆವು. ಜಾಲತಾಣದ ಮಾತು ಸರ್ಕಾರದ ದಫ್ತರದಲ್ಲಿ ಹುಟ್ಟಿದರೂ ನೆಲೆಸುವುದು ಒಂದು ವ್ಯಾಪಾರಸಂಸ್ಥೆಯ ಯಂತ್ರಗಳಲ್ಲಿ. ಆ ಸಂಸ್ಥೆ 2023ರಲ್ಲಿ ಟ್ವಿಟರೆಂಬ ಹೆಸರನ್ನೇ ಎಕ್ಸ್ ಎಂದು ಬದಲಾಯಿಸಿತು. 2012ರ ಸೆಪ್ಟೆಂಬರಿನಲ್ಲಿ ಕೈರೋದಲ್ಲಿನ ಅಮೆರಿಕದ ರಾಯಭಾರಕಛೇರಿ ಗಲಭೆಯ ದಿನ ತಾನು ಹಾಕಿದ ಕೆಲವು ಮಾತುಗಳನ್ನು ಆಮೇಲೆ ಅಳಿಸಿಹಾಕಿತು. ಓದಿದವರು ನಕಲುಮಾಡಿ ಇಟ್ಟುಕೊಂಡಿದ್ದರಿಂದ ಅವುಗಳ ಪಾಠ ಉಳಿದಿದೆ.